ಸೀರೆಗೆ ತೆರಿಗೆ ಇಲ್ಲ

ಅಕ್ಕನಿಗೆ ನಮಸ್ಕಾರ. ನನ್ನ ಮಂಡಿನೋವು ಕಡಿಮೆಯಾಗಿದೆ.

ತೆರಿಗೆಯ ತಲೆಬುಡ ತಿಳಿಯದಿದ್ದರೆ ಆ ಪರದೇಶದ ಮನೆ ಮಾರಿ ಊರಿಗೆ ಬಂದುಬಿಡು ಎಂದು ಬರೆದಿದ್ದೆಯಲ್ಲ, ಅದಕ್ಕೇ ಇವತ್ತು ಧೈರ್ಯ ಮಾಡಿ ತೆರಿಗೆ ಕಚೇರಿಗೆ ಹೋಗಿಬಂದೆ. ಇವರು ತೀರಿಹೋಗಿ ಐದು ತಿಂಗಳಾಯಿತು, ಅವರಿದ್ದಾಗ ಆ ಕಾಗದಗಳನ್ನು ನಾನು ಮುಟ್ಟಿದವಳೇ ಅಲ್ಲ. ಎಲ್ಲವನ್ನೂ ಅವರ ಊಟದ ಚೀಲದಲ್ಲಿ ತುಂಬಿಕೊಂಡು ಹೋದೆ.

ಕಿಟಕಿಯಲ್ಲಿದ್ದ ಹೆಂಗಸು ನಮ್ಮ ಚಿಕ್ಕಮ್ಮನ ಹಾಗೆ ಕನ್ನಡಕವನ್ನು ಮೂಗಿನ ತುದಿಗಿಟ್ಟು ಬಿಡಿಸಿ ಹೇಳಿದಳು. ಮನೆ ತೆರಿಗೆ ಪುರಸಭೆಗೆ. ಒಬ್ಬರೇ ಇರುವವರಿಗೆ ಅದರಲ್ಲಿ ಕಾಲು ಭಾಗ ಬಿಡುತ್ತಾರಂತೆ. ಆದಾಯ ತೆರಿಗೆ ಬೇರೆ. ಅದಕ್ಕೆ ಇಲ್ಲಿಯ ಸಂಬಳದ ಜೊತೆ ಊರಿನಿಂದ ಬರುವುದನ್ನೂ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆಯುತ್ತಾರೆ.

"ಊರಿಂದ ಏನೇನು ಬರುತ್ತೆ?" ಎಂದಳು.

ಮುಚ್ಚಿಡಬಾರದೆಂದು, "ಅಂಗಡಿ ಬಾಡಿಗೆ. ಆಮೇಲೆ ವರ್ಷಕ್ಕೊಂದು ಸೀರೆ, ನಮ್ಮಕ್ಕ ಕಳಿಸ್ತಾಳೆ. ಹೋದ ವರ್ಷದ್ದು ರೇಷ್ಮೆ" ಎಂದೆ.

ಅವಳು ಪೆನ್ನು ಕೆಳಗಿಟ್ಟು, ಪಕ್ಕದ ಕಿಟಕಿಯವನನ್ನೂ ಕರೆದು ನಕ್ಕಳು. "ಅಕ್ಕ ಕೊಟ್ಟ ಸೀರೆಗೆ ತೆರಿಗೆ ಇಲ್ಲಮ್ಮ, ಉಟ್ಕೊಳ್ಳಿ ಸಾಕು!" ಎಷ್ಟೋ ದಿನಗಳ ಮೇಲೆ ನಾನೂ ಬಾಯಿ ತುಂಬ ನಕ್ಕೆ.

ಬಾಡಿಗೆಗೆ ಅಲ್ಲಿ ತೆರಿಗೆ ಕಟ್ಟಿದ ರಸೀದಿ ಬೇಗ ಕಳಿಸು. ನನ್ನ ಸಂಬಳದಲ್ಲಿ ಎರಡು ತೆರಿಗೆಯನ್ನೂ ತೂಗಿಸಬಹುದು, ಮನೆ ಮಾರುವುದಿಲ್ಲ. ಈ ಸಲ ಸೀರೆ ಕಳಿಸಲೋ ಬೇಡವೋ ಎಂದು ನೀನು ಹಿಂದೆಮುಂದೆ ನೋಡುತ್ತಿರುತ್ತೀ, ನನಗೆ ಗೊತ್ತು. ಕಳಿಸು, ಬಣ್ಣದ್ದೇ ಇರಲಿ.

ಕಾರ್ಡು ತುಂಬಿತು.

ನಿನ್ನ ತಂಗಿ