ದಡಕ್ಕೆ ಎಸೆದ ಬೇರು

ಮಾರ್ಚ್ ೧೧, ರಾತ್ರಿ

ಅಕ್ಕಾ,

ಹೇಗಿದ್ದೀಯ? ಪುಟ್ಟಿಗೆ ಜ್ವರ ಇಳೀತಾ? ನಿನ್ನೆಯಿಂದ ಅಷ್ಟು ಸಲ ಕರೆ ಮಾಡಿದ್ದೀಯ, ಎತ್ತಲಿಲ್ಲ, ಬೈಕೋಬೇಡ. ಕೂತು ಬರೆಯೋಕೆ ಆಗ್ತಿಲ್ಲ, ಅದಕ್ಕೇ ಫೋನಿಗೆ ಬಾಯಲ್ಲೇ ಹೇಳ್ತಿದೀನಿ, ಅದೇ ಬರ್ಕೊಳ್ಳುತ್ತೆ. ಭಾವ ಯಾಕೆ ಮಾತಾಡ್ತಿಲ್ಲ ಅಂತ ತಾನೇ ನೀನು ಕೇಳೋದು? ಮೊದಲಿಂದ ಹೇಳ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ.

ಹೋದ ವಾರ ಈ ಫಾರ್ಮಿನ ಜೌಗು ಹುಲ್ಲುಗಾವಲಿನ ಕಾಲುವೆ ಹೂಳು ತೆಗೆಯೋ ಕೆಲಸ ಭಾವನಿಗೂ ನನಗೂ ಬಿತ್ತು. ಸೊಂಟದ ತನಕ ಕೆಸರು. ಅದರ ಜೊತೆ ಒಂದು ಗಿಡದ ಬೇರೂ ಕಿತ್ತು ಬರ್ತಿತ್ತು, ಬೆಳ್ಳಗೆ, ದಪ್ಪ ಬೆರಳುಗಳ ಥರ. ಮೂಸಿದ್ರೆ ಕ್ಯಾರೆಟ್ ವಾಸನೆ. "ದಡಕ್ಕೆ ಎಸೀರಿ, ಒಣಗುತ್ತೆ" ಅಂದಿದ್ದು ಫಾರ್ಮಿನ ಯಜಮಾನನೇ. ಎಸೆದ್ವಿ.

ನಿನ್ನೆ ಬೆಳಿಗ್ಗೆ ಹಸುಗಳನ್ನ ಅಲ್ಲಿಗೇ ಬಿಟ್ರು. ಚಳಿಗಾಲ ಪೂರ್ತಿ ಒಣಹುಲ್ಲು ತಿಂದ ಬಾಯಿ, ಬೇರಿಗೇ ಹೋಯ್ತು. ನಾನು ಗೇಟು ಹಾಕಿ ತಿರುಗೋಷ್ಟರಲ್ಲಿ ಚುಕ್ಕಿ ಹಸು ಹಲ್ಲು ಕಡೀತಾ ಬಿದ್ದಿತ್ತು. ಮಲಗಿದ್ದಲ್ಲೇ ಕಾಲು ಓಡ್ತಿತ್ತು. ಅದರ ಹಿಂದೆನೇ ಇನ್ನೊಂದು.

ದನದ ಡಾಕ್ಟರ್ ಇನ್ನೂ ಬಂದಿರಲಿಲ್ಲ. ಯಜಮಾನ ದಡದಿಂದ ಒಂದು ಬೇರನ್ನ ಎತ್ತಿ ಭಾವನ ಮುಖಕ್ಕೆ ಹಿಡಿದ. "ವಿಷ ಕಿತ್ತು ಹಾಕಿದ್ದು ನೀನು. ಗಂಟುಮೂಟೆ ಕಟ್ಟು."

ಭಾವ ನಕ್ಕುಬಿಟ್ರು. "ಸ್ವಾಮಿ, ಇಂಥ ಗೆಡ್ಡೆ ನಮ್ ಕಡೆ ಕೆರೆ ಅಂಚಲ್ಲಿ ಕಿತ್ತು ತಿಂತೀವಿ. ನಿಮ್ಮ ದನಕ್ಕೆ ಬೇರೇನೋ ಆಗಿದೆ."

ನಾನು ತೋಳು ಹಿಡ್ಕೊಂಡೆ. "ಭಾವ, ಬೇಡ."

"ಸುಮ್ನಿರೋ ಪುಕ್ಕಲ! ಕೆಲಸ ಹೋದ್ರೆ ನಿಮ್ಮಕ್ಕನಿಗೆ ನೀನು ಉತ್ತರ ಕೊಡ್ತೀಯಾ?"

ಯಜಮಾನನ ಕೈಯಿಂದ ಬೇರು ಕಿತ್ಕೊಂಡು ಪ್ಯಾಂಟಿಗೆ ಒರೆಸಿ ಕಚ್ಚಿದ್ರು. ಅಗಿದು ನುಂಗಿದ್ರು. "ಸಿಹಿಯಾಗಿದೆ ಕಣೋ" ಅಂದ್ರು. ಯಜಮಾನ ಒಂದು ಹೆಜ್ಜೆ ಹಿಂದೆ ಸರಿದ. ಭಾವನ ಮುಖದಲ್ಲಿ ಆಗ ಇದ್ದ ಗೆಲುವು, ಅಕ್ಕಾ, ನಿಮ್ಮ ಮದುವೆ ದಿನಾನೂ ನಾನು ನೋಡಿರಲಿಲ್ಲ.

ಕೊಟ್ಟಿಗೆಗೆ ವಾಪಸ್ ನಡೀತಾ ನಡೀತಾ ಅವರ ನಗು ನಿಂತುಹೋಯ್ತು. ಆಮೇಲೆ ನಾನು ನೋಡಿದ್ದನ್ನ ಹೇಳಲ್ಲ. ಹಸೂಗೆ ಆಗಿದ್ದು ಹೇಳಿದ್ನಲ್ಲ.

ಈಗ ಆಸ್ಪತ್ರೇಲಿದ್ದೀವಿ. ಅವರು ಗಾಜಿನ ಬಾಗಿಲ ಆಚೆ, ನಾನು ಮೆಟ್ಟಿಲ ಮೇಲೆ. ನೀನು ಊಟ ಬಿಡಬೇಡ. ಪುಟ್ಟಿಗೆ ಮುತ್ತು. ನಿಮಗೆಲ್ಲ ಒಳ್ಳೇದಾಗಲಿ.

ನಿನ್ನ ತಮ್ಮ

ತಡಿ ಅಕ್ಕಾ, ಡಾಕ್ಟರಮ್ಮ ಈಗ ಹೊರಗೆ ಬಂದು "ಮನೆಯವರು ಯಾರಿದೀರಾ?" ಅಂದ್ರು. ನಾನು ಬಾಮೈದ ಅಂದೆ. "ಹೆಂಡತಿಯಿಂದ ಮಾತಾಡಿಸಿ, ಕಿವಿ ಹತ್ರ ಫೋನ್ ಹಿಡೀತೀವಿ. ಬೆಳಗಾಗೋ ತನಕ ಕಾಯಬೇಡಿ" ಅಂದ್ರು. ಅಕ್ಕಾ, ಈಗ ಕರೆ ಮಾಡ್ತೀನಿ, ಎತ್ತು. ಅವರು ಉತ್ತರ ಕೊಡಲ್ಲ. ಅಳಬೇಡ, ಅವರಿಗೆ ಭಯ ಆಗುತ್ತೆ. ದಿನಾ ಬೈತೀಯಲ್ಲ, ಹಾಗೇ ಬೈತಾ ಇರು.