ಫೋನ್ ಮಾಡುವ ಮುನ್ನ

ಶುಕ್ರವಾರ, ಸಂಜೆ

ನಿಮಗೆ ನಮಸ್ಕಾರ.

ಆಸ್ಪತ್ರೆಯ ಟಪಾಲಿಗೆ ಹಾಕುವ ವಿಷಯವಲ್ಲ, ಅದಕ್ಕೇ ನಿಮ್ಮ ತಮ್ಮನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀವು ಮನೆ ಬಿಟ್ಟು ಅಲ್ಲಿಗೆ ಹೋಗಿ ವರ್ಷವಾಗುತ್ತ ಬಂತು. ಅಂದಿನಿಂದ ನಾವು ಆಡಿದ್ದೆಲ್ಲ ಬರೀ ಫೈಲಿನ ಮಾತು.

ನಮ್ಮ ಮನೋರೋಗ ವಿಭಾಗಕ್ಕೆ ಒಮ್ಮೆ ಬಂದವರು ಮತ್ತೆ ಯಾಕೆ ಬರುವುದಿಲ್ಲ ಎಂದು ಫೋನಿನಲ್ಲಿ ಕೇಳುವುದಷ್ಟೇ ನನ್ನ ಅಧ್ಯಯನ. ಔಷಧವಿಲ್ಲ, ಸೂಜಿಯಿಲ್ಲ. ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯವರು ರೋಗಿಗಳಿಗೆ ಅಪಾಯ ಕಡಿಮೆ ಎಂದು ಪೂರ್ಣ ಸಭೆಯನ್ನೂ ಕರೆಯದೆ ಒಪ್ಪಿದರು. ಗೆದ್ದೆ ಅಂದುಕೊಂಡೆ. ಆದರೆ ಆಸ್ಪತ್ರೆಯ ಆಡಳಿತದ ಅನುಮತಿ ಬೇರೆಯೇ, ಅದಕ್ಕೆ ದಾಖಲೆ ವಿಭಾಗದ ಮುಖ್ಯಸ್ಥರಾದ ನಿಮ್ಮ ಸಹಿ ಬೇಕಿತ್ತು. ನೀವು ಫೈಲು ವಾಪಸ್ ಕಳಿಸಿದಿರಿ.

ಸಿಟ್ಟು ನೆತ್ತಿಗೇರಿ ನಿಮ್ಮ ಮೇಜಿನ ಮುಂದೆ ಬಂದು ನಿಂತೆ. "ಮನೆ ಜಗಳಾನ ಇಲ್ಲಿ ತೀರಿಸ್ಕೊಳ್ತಿದ್ದೀರಾ?" ಎಂದೆ. ನೀವು ತಲೆಯೆತ್ತಲಿಲ್ಲ. "ಪ್ರಶ್ನೆ ಕೇಳೋಕೆ ಸಮಿತಿ ಒಪ್ಪಿದೆ. ನಂಬರ್ ಕೊಡೋಕೆ ಒಪ್ಪಬೇಕಾದೋರು ರೋಗಿಗಳು. ಮೊದ್ಲು ನಮ್ಮ ಗುಮಾಸ್ತೆ ಫೋನ್ ಮಾಡಿ ಅವರನ್ನ ಕೇಳ್ಲಿ. ಅವರೇ ಫೋನಿಗೆ ಬರೋವರೆಗೂ ಆಸ್ಪತ್ರೆ ಅಂತ ಬಾಯಿ ಬಿಡೋದು ಬೇಡ" ಎಂದಿರಿ. ಎಲ್ಲ ತಿದ್ದಿ ಅನುಮತಿ ಕೈಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ನಿಮ್ಮನ್ನು ಬೈದುಕೊಳ್ಳದ ದಿನವಿಲ್ಲ.

ನಿನ್ನೆ ಗುಮಾಸ್ತೆ, ರೋಗಿಯ ಹೆಸರು ಹೇಳದೆ, ಒಂದು ಕರೆಯ ವಿಷಯ ತಿಳಿಸಿದಳು. ಆ ರೋಗಿಯ ಅತ್ತೆ ಫೋನ್ ಎತ್ತಿ, "ಯಾರು? ನಮ್ಮ ಸೊಸೆ ಹತ್ರ ಏನು ಕೆಲಸ?" ಎಂದು ಕೆದಕಿದರಂತೆ. ಇವಳು ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟಳು. ಮಧ್ಯಾಹ್ನ ಸೊಸೆಯೇ ಬೇರೆ ಫೋನಿನಿಂದ ಅದೇ ನಂಬರಿಗೆ ಕರೆ ಮಾಡಿ, ಯಾರೆಂದು ಗೊತ್ತಾದ ಮೇಲೆ ಅತ್ತಳಂತೆ. "ದಮ್ಮಯ್ಯ, ಮತ್ತೆ ಮಾಡ್ಬೇಡಿ. ನಾನು ಅಲ್ಲಿಗೆ ಬಂದಿದ್ದು ಗೊತ್ತಾದ್ರೆ ಮಗೂನ ನನ್ನ ಕೈಗೇ ಕೊಡಲ್ಲ."

ನಾನಾಗಿದ್ದರೆ 'ಮನೋರೋಗ ವಿಭಾಗದಿಂದ' ಎಂದೇ ಮಾತು ಶುರುಮಾಡುತ್ತಿದ್ದೆ. ಫೋನೆತ್ತಿದ ಅತ್ತೆಗೇ ಎಲ್ಲ ಗೊತ್ತಾಗಿಬಿಡುತ್ತಿತ್ತು.

ಅಂದು ನಿಮಗೆ ಹಾಗಂದದ್ದು ತಪ್ಪು. ನಮ್ಮ ಉಳಿದ ಜಗಳಗಳಲ್ಲಿ ಮಾತ್ರ ಸರಿ ನನ್ನ ಕಡೆಯೇ ಇತ್ತು ಅಂತ ಈಗಲೂ ಅನ್ನಿಸುತ್ತದೆ.

ಇಂತಿ,
ಮನೋರೋಗ ವಿಭಾಗದ ಸಿಸ್ಟರ್

ಮತ್ತೊಂದು ಮಾತು: ಅಧ್ಯಯನದ ಎರಡನೆಯ ಹಂತದ ಅನುಮತಿಗೆ ಹೋದಾಗ ಸಮಿತಿಯ ಹೊಸ ಅಧ್ಯಕ್ಷೆ, "ಸಹಿ ಮಾಡೋರಿಗೂ ನಿಮಗೂ ಏನಾದ್ರೂ ಸಂಬಂಧ ಇದ್ಯಾ?" ಎಂದರು. ಇಲ್ಲ ಎಂದಿದ್ದರೆ ಸೋಮವಾರವೇ ಕೆಲಸ ಶುರುವಾಗುತ್ತಿತ್ತು. "ಇದೆ, ನಮ್ಮನೆಯವರು" ಎಂದೆ. ಈಗ ನಿಮ್ಮ ಬದಲು ಬೇರೆ ಯಾರದೋ ಸಹಿ ಆಗಬೇಕಂತೆ, ತಡವಾಗುತ್ತದೆ. ಆಗಲಿ.