ಕಡ್ಡಿ ಮುರಿಯುವ ಸದ್ದು

ಮಾಂತ್ಸೊನ್ಯಾನೆ, ಲೆಸೊಥೊ
ಮೇ 17, 2022

ನನ್ನ ಮಾದಿನೆಯೊಗೆ,

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನ ಕೈಗೆ ಅರವತ್ತೇಳನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯಲ್ಲ, ಸಮಾಧಾನವಾಯಿತೇ? ‘ಫೋನಲ್ಲಿ ಹೂಂ ಬಿಟ್ರೆ ಬೇರೆ ಮಾತು ಬರಲ್ಲ ಅಂದ್ರೆ ಕಾಗದನಾದ್ರೂ ಬರೀರಿ’ ಎಂದು ಟ್ಯಾಕ್ಸಿಯವನ ಕೈಲಿ ಹೇಳಿ ಕಳಿಸಿದೆ. ಅವನು ಅದನ್ನು ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಕೂಗಿ ಹೇಳಿದ. ಎರಡು ಸಲ ಕೂಗಿದ. ಊರೆಲ್ಲ ನಕ್ಕಿತು. ಬರೆಯುತ್ತಿದ್ದೇನೆ, ತಗೋ.

ನಿನ್ನ ಮಂಡಿನೋವು ಹೇಗಿದೆ? ನಾನು ಹಿಂದೆ ಗಣಿಯಲ್ಲಿ ದುಡಿದ ಊರು ವೆಲ್ಕಮ್‌ನಲ್ಲಿ ನಮ್ಮ ಬೆಟ್ಟದ ಚಳಿ ಇರಲಿಕ್ಕಿಲ್ಲ, ಆದರೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗು. ನಮ್ಮಿಬ್ಬರಿಗೂ ಹೆಸರು ಕೊಟ್ಟ ಮಗಳು ದಿನೆಯೊ ಹೇಗಿದ್ದಾಳೆ? ಮೊಮ್ಮಗ ನಡೆಯುವ ತನಕ ಎಂದು ಹೇಳಿ ಹೋದವಳು ನೀನು. ಈಗ ಅವನು ಕೋಳಿ ಅಟ್ಟಿಸಿಕೊಂಡು ಓಡುತ್ತಾನಂತೆ. ನಾನು ಚೆನ್ನಾಗಿದ್ದೇನೆ. ಹುಳಿ ಅಂಬಲಿ ನಾನೇ ಮಾಡಿಕೊಳ್ಳುತ್ತೇನೆ, ಹುಳಿ ಬರುವುದಿಲ್ಲ, ಕುಡಿಯುತ್ತೇನೆ. ನೀನು ಬಿಟ್ಟುಹೋದ ಕಂದು ಕಂಬಳಿಯನ್ನೇ ಹೊದೆಯುತ್ತೇನೆ. ಹೆಂಗಸರ ಹಾಗೆ ಎದೆಗೆ ಪಿನ್ನು ಹಾಕುವುದಿಲ್ಲ, ಹೆದರಬೇಡ. ಅದರಲ್ಲಿ ನಿನ್ನ ಒಲೆಯ ಹೊಗೆ ವಾಸನೆ ಇತ್ತು. ಕಳೆದ ತಿಂಗಳಿನಿಂದ ಬರೀ ಗಾಂಜಾ ವಾಸನೆ.

ಈಗ ಸುದ್ದಿ. ಗಾಂಜಾ ಕಂಪನಿಯವರು ನನ್ನನ್ನು ಗೇಟಿನಿಂದ ತೆಗೆದು ಒಣಗಿಸುವ ಕೋಣೆಗೆ ಹಾಕಿದ್ದು ನಿನಗೆ ಗೊತ್ತು. ನಾವು ಪೊಲೀಸರಿಗೆ ಹೆದರಿ ಹುಲ್ಲಿನ ಸೂರಿನ ಕೆಳಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದದ್ದನ್ನೇ ಇವರು ಗೋಡೆಗೆ ಲೈಸೆನ್ಸ್ ಹಾಕಿಕೊಂಡು ಔಷಧಿಗೆಂದು ತೂಗುಹಾಕುತ್ತಾರೆ. ಗಾಳಿಯ ತೇವ ಹೀರುವುದಕ್ಕೆ ಒಂದು ಮೆಷಿನ್ನು, ತೇವ ಕೊಡುವುದಕ್ಕೆ ಇನ್ನೊಂದು. ಎರಡೂ ಜಗಳವಾಡದ ಹಾಗೆ ನೋಡಿಕೊಳ್ಳುವುದಕ್ಕೆ ಗೋಡೆಯ ಮೇಲೊಂದು ಮೀಟರು. ಅದು ಅರವತ್ತರ ಹತ್ತಿರ ನಿಂತಿರಬೇಕು. ಆದರೆ ಮೀಟರು ಹೇಳುವುದು ಕೋಣೆಯ ತೇವವನ್ನು, ಗಿಡದ ಕಡ್ಡಿಯೊಳಗಿನ ನೀರನ್ನಲ್ಲ. ಅದಕ್ಕೆ ನಿನ್ನ ಲೆಕ್ಕವೇ ಸರಿ. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದೆಯಲ್ಲ, ‘ಮೆತ್ತಗೆ ಸದ್ದು ಬಂದ್ರೆ ಒಳಗೆ ನೀರಿದೆ, ಚಟ್ ಅಂದ್ರೆ ಇಳಿಸಿ’ ಎಂದು. ಎರಡು ಸಲವೂ ಕಡ್ಡಿ ಮುರಿಯುವುದೇನೋ ಮುರಿಯುತ್ತದೆ. ಸದ್ದು ಮಾತ್ರ ಬೇರೆ.

ನಮ್ಮ ಮೇಲಿನವಳು ಕೆನೆಯ್ಲ್ವೆ, ತಗ್ಗಿನ ಸೀಮೆಯ ಹುಡುಗಿ, ಓದಿದವಳು, ಆದರೂ ಕೇಳಿ ಮಾಡುವ ಗುಣವಿದೆ. ‘ಅಜ್ಜಾ, ಮೀಟರು ಸರಿಯಾಗಿದೆ. ಕಡ್ಡಿ ಏನನ್ನುತ್ತೆ?’ ಎಂದಳು. ಮುರಿದೆ. ‘ಚಟ್ ಅಂತು, ತುಂಬಿಸಿ’ ಎಂದೆ. ಮೂವತ್ತು ಗಾಜಿನ ಭರಣಿ ತುಂಬಿಸಿ ಮುಚ್ಚಳ ಹಾಕಿದರು. ದಿನಕ್ಕೊಮ್ಮೆ ಮುಚ್ಚಳ ತೆಗೆದು ಉಸಿರಾಡಿಸಬೇಕಲ್ಲ, ಎರಡು ದಿನ ಏನೂ ಕಾಣಲಿಲ್ಲ, ಮೂರನೇ ದಿನ ತೆಗೆದರೆ ಗಾಜಿನ ಒಳಗೆಲ್ಲ ಬೆವರು. ಇಲ್ಲೇ ಕೆಲಸಕ್ಕಿರುವ ಎದುರುಮನೆಯ ಮಾತುಮೆಲೊ ಮೂಗು ಮುಚ್ಚಿಕೊಂಡು, ‘ಏನಪ್ಪಾ ರಾದಿನೆಯೊ, ಗಾಂಜಾ ತುಂಬಿದ್ಯೋ ಹಸುವಿನ ಉಚ್ಚೆ ತುಂಬಿದ್ಯೋ?’ ಎಂದಳು. ಅವಳ ಬಾಯಿಗೆ ಬೂದಿ ಬೀಳಲಿ, ಆದರೆ ಹೇಳಿದ್ದು ನಿಜ. ಎಲ್ಲ ಸುರಿದು ಮತ್ತೆ ಹರಡಿದೆವು. ಅರ್ಧಕ್ಕೆ ಬೂಷ್ಟು ಹಿಡಿದಿತ್ತು, ಸುಟ್ಟರು.

ಕೆನೆಯ್ಲ್ವೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಈ ಬೆಟ್ಟದವರೆಲ್ಲ ಕಲಿತದ್ದು ನಿಮ್ಮ ಹೆಂಡತಿ ಹತ್ರವಂತೆ. ಅವರನ್ನ ಕರೆಸಿ, ಭರಣಿ ಕೋಣೆ ಅವರದ್ದೇ’ ಎಂದಳು. ಜೂನ್ ಎರಡಕ್ಕೆ ಇನ್ನೊಂದು ಕುಯ್ಲು ತೂಗುಹಾಕುತ್ತಾರೆ. ಅಷ್ಟರಲ್ಲಿ ನೀನು ಬರದಿದ್ದರೆ ತಗ್ಗಿನಿಂದ ಯಾರನ್ನೋ ತರಿಸುತ್ತಾರೆ, ನಾನು ಮತ್ತೆ ಗೇಟಿಗೆ. ಗೇಟಿಗೆ ಹೋಗುವುದಕ್ಕೆ ನನಗೇನೂ ಬೇಸರವಿಲ್ಲ. ನಿನ್ನ ಜಾಗದಲ್ಲಿ ಬೇರೆಯವಳು ಕೂತು ಕಡ್ಡಿ ಮುರಿಯುವುದನ್ನು ಮಾತ್ರ ನಾನು ನೋಡಲಾರೆ.

ದಿನೆಯೊ ಬರೆದಿದ್ದಳು, ಎರಡನೇ ಹೆರಿಗೆ ಆಗುವ ತನಕ ನೀನು ಅಲ್ಲೇ ಇರುವುದಕ್ಕೆ ನಾನು ಫೋನಿನಲ್ಲಿ ಒಪ್ಪಿದ್ದೇನೆ ಎಂದು. ಓದಿ ತಟ್ಟೆ ಎಸೆದೆ. ನೀನು ತಂದ ನೀಲಿ ತಟ್ಟೆಯೇ, ಅಂಚು ಸ್ವಲ್ಪ ಹೋಗಿದೆ. ಆಮೇಲೆ ಯೋಚಿಸಿದೆ.

ಮೊಮ್ಮಗನ ತಲೆಯ ಮೇಲೆ ನನ್ನ ಕೈ ಇಟ್ಟ ಹಾಗೆ ನಿನ್ನ ಕೈ ಇಡು. ದಿನೆಯೊಗೆ ಹಿರಿಯರ ಕಾವಲಿರಲಿ.

ನಿನ್ನ
ರಾದಿನೆಯೊ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ಕಡ್ಡಿ ಏನೂ ಅನ್ನಲಿಲ್ಲ. ನನಗೆ ಕೇಳಿಸಲಿಲ್ಲ. ಗಣಿಯ ಡ್ರಿಲ್ಲು ಎಡಗಿವಿಯನ್ನು ಆಗಲೇ ತಿಂದಿತ್ತು, ಈಗ ಬಲಗಿವಿಯೂ ಹೋಯಿತು. ಯಾರಿಗೂ ಹೇಳಿಲ್ಲ, ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಫೋನಿನಲ್ಲಿ ನಿನ್ನ ದನಿ ಎಂದು ಗೊತ್ತಾಗುತ್ತದೆ, ಮಾತು ಗೊತ್ತಾಗುವುದಿಲ್ಲ. ದನಿ ನಿಂತಾಗ ಹೂಂ ಅನ್ನುತ್ತೇನೆ. ಅಲ್ಲೇ ಇರಲೇ ಎಂದು ನೀನು ಯಾವಾಗ ಕೇಳಿದೆಯೋ ನನಗೆ ತಿಳಿಯದು. ಆ ಹೂಂ ವಾಪಸ್ ಕೊಡು. ನನ್ನ ಕಿವಿ ತಿಂದ ಊರು ನಿನ್ನನ್ನೂ ಇಟ್ಟುಕೊಳ್ಳುವುದು ಬೇಡ. ದಿನೆಯೊ ಮಗುವನ್ನು ಕರೆದುಕೊಂಡು ಇಲ್ಲಿಗೇ ಬರಲಿ, ಹೆರಿಗೆ ಇಲ್ಲೇ ಆಗಲಿ. ಮೇ ಮೂವತ್ತರೊಳಗೆ ಉತ್ತರ ಬರಬೇಕು. ಫೋನಿನಲ್ಲಲ್ಲ, ಕಾಗದದಲ್ಲಿ.